ಬೆನ್ನ ಮೇಲೆ ತಲೆಕೆಳಗಾದ ತೇರು

ಎಲ್ಲರಿಗೂ ಅವರದೇ ಅಂತ ಒಂದು ಸ್ಟೈಲ್ ಇರಬೇಕು ಎಂದು ಈಗ ಎಲ್ಲ ಕಡೆ ಹೇಳುತ್ತಾರೆ. ನಾನು ಬೆಳೆದ ಮನೆಯಲ್ಲಿ ಸ್ಟೈಲ್ ಇದ್ದದ್ದು ನಮಗಲ್ಲ, ಬಟ್ಟೆಯ ಥಾನಿಗೆ. ದೀಪಾವಳಿ ಹತ್ತಿರ ಬಂತೆಂದರೆ ಅಪ್ಪ ಹುಬ್ಬಳ್ಳಿಗೆ ಹೋಗಿ, ಒಂದೇ ಥಾನಿನಲ್ಲಿ ಇಡೀ ಮನೆಗೆ ಬಟ್ಟೆ ಹರಿಸಿಕೊಂಡು ಬರುತ್ತಿದ್ದರು. ಜಾಸ್ತಿ ತಗೊಂಡರೆ ಮೀಟರಿಗೆ ಒಂದೆರಡು ರೂಪಾಯಿ ಕಡಿಮೆ. ನನಗೂ ತಂಗಿಗೂ ಪರಕಾರ, ಪೋಲಕ. ತಮ್ಮನಿಗೆ ಅಂಗಿ. ಉಳಿದದ್ದರಲ್ಲಿ ಪಡಸಾಲೆಯ ಲೋಡಿಗೆ ಗವಸು. ಒಂದು ಹಬ್ಬದ ಫೋಟೊ ಈಗಲೂ ಇದೆ. ಅದರಲ್ಲಿ ತಮ್ಮ ಎಲ್ಲಿ ಮುಗಿದ, ಲೋಡು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ.

ಟೇಲರಿಗೆ ಅವ್ವನ ಆದೇಶ ಪ್ರತಿ ವರ್ಷವೂ ಒಂದೇ: “ಬೆಳಿಯೂ ಹುಡುಗಿ, ಸ್ವಲ್ಪ ಸಡ್ಲ ಹೊಲೀರಿ.” ನಾನು ಬೆಳೆದೆ, ನಿಜ. ಆದರೆ ಅವ್ವ ಅಂದಾಜು ಮಾಡಿದ್ದ ದಿಕ್ಕಿನಲ್ಲಿ ಬೆಳೆಯಲಿಲ್ಲ.

ಕಾಲೇಜು ಸೇರುವ ಹೊತ್ತಿಗೆ ಮ್ಯಾಚಿಂಗ್ ಹುಚ್ಚು ಹಬ್ಬಿತ್ತು. ಚೂಡಿದಾರಕ್ಕೆ ದುಪಟ್ಟಾ, ದುಪಟ್ಟಾಕ್ಕೆ ಬಳೆ, ಬಳೆಗೆ ಬಿಂದಿ. ಮ್ಯಾಚಿಂಗ್ ಸೆಂಟರಿನ ಟ್ಯೂಬ್‌ಲೈಟಿನ ಕೆಳಗೆ ಎರಡು ಬಟ್ಟೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಹೊರಗೆ ಬಂದು ನೋಡಿದರೆ ಒಂದು ನೀಲಿ, ಇನ್ನೊಂದು ನೇರಳೆ. ಇದು ಅಂಗಡಿಯವರ ಕಣ್ಕಟ್ಟಲ್ಲ. ಎರಡಕ್ಕೂ ಹಾಕಿದ ಬಣ್ಣದ ಪುಡಿಗಳೇ ಬೇರೆ ಇರುತ್ತವೆ. ಒಂದು ಬೆಳಕಿನಲ್ಲಿ ಒಂದೇ ಅನ್ನಿಸುತ್ತವೆ, ಬೆಳಕು ಬದಲಾದರೆ ಗುಟ್ಟು ರಟ್ಟು. ಅವ್ವ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದದ್ದು ಇದಕ್ಕೇ. ಆಗ ನನಗೆ ನಾಚಿಕೆಯಾಗುತ್ತಿತ್ತು. ಈಗ ನಾನೇ ಮಾಲ್‌ನ ಗಾಜಿನ ಬಾಗಿಲ ಬಳಿ ಕುರ್ತಾ ಹಿಡಿದು ನಿಲ್ಲುತ್ತೇನೆ. ಸೆಕ್ಯುರಿಟಿಯವರು ಮೆಲ್ಲಗೆ ನನ್ನ ಪಕ್ಕ ಬಂದು ನಿಲ್ಲುತ್ತಾರೆ.

ನನ್ನದೇ ಸ್ಟೈಲ್ ಹುಡುಕುವ ಹುಚ್ಚು ಹಿಡಿಸಿದ್ದು ಮಗಳು. “ಅಮ್ಮಾ, ನೀನು ಬಟ್ಟೆ ಹಾಕ್ಕೊಳಲ್ಲ, ಕೈಗೆ ಸಿಕ್ಕಿದ್ದನ್ನ ಸುತ್ಕೋತೀಯ” ಎಂದಳು. ಫೋನ್ ಹಿಡಿದು, ನನಗೆ ಯಾವ ಬಣ್ಣ ಒಪ್ಪುತ್ತದೆ ಎಂಬ ಪರೀಕ್ಷೆಗೆ ಕೂರಿಸಿದಳು. ಮಣಿಕಟ್ಟಿನ ನರ ಹಸಿರೋ ನೀಲಿಯೋ? ಮೈಗೆ ಚಿನ್ನ ಒಪ್ಪುತ್ತದೋ ಬೆಳ್ಳಿಯೋ? (ಮೈ ಒಪ್ಪಿದರೆ ಸಾಕಾ, ಅಂಗಡಿಯ ಬಿಲ್ಲೂ ಒಪ್ಪಬೇಕಲ್ಲ!) ಕೊನೆಗೆ ನಾನು ಶರತ್ಕಾಲ ಎಂದು ತೀರ್ಮಾನವಾಯಿತು. ಈ ಪದ್ಧತಿಯಲ್ಲಿ ಮನುಷ್ಯರೆಲ್ಲ ನಾಲ್ಕೇ ಋತು: ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ. ಮಳೆಗಾಲ ಇಲ್ಲವೇ ಇಲ್ಲ. ಆಗುಂಬೆಯವರು ಪಾಪ ಏನು ಹಾಕಿಕೊಳ್ಳಬೇಕೋ!

ಶರತ್ಕಾಲದವರಿಗೆ ತುಕ್ಕಿನ ಬಣ್ಣ, ಸಾಸಿವೆ ಬಣ್ಣ, ಖಾಕಿ ಒಪ್ಪುತ್ತವಂತೆ. ಖಾಕಿ ಕುರ್ತಾ ತಂದೆ. ಮೊದಲ ದಿನ ಅತ್ತೆ ನೋಡಿ, “ಯಾಕಮ್ಮಾ, ಮೈ ಹುಷಾರಿಲ್ವಾ?” ಎಂದು ಶುಂಠಿ ಕಷಾಯ ಮಾಡಿಕೊಟ್ಟರು. ಕುಡಿದು ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಅಜ್ಜ ಒಬ್ಬರು ಸೀದಾ ನನ್ನ ಹತ್ತಿರ ಬಂದರು. “ಅಮ್ಮಾ, ಮೈಸೂರು ಗಾಡಿ ಎಷ್ಟೊತ್ತಿಗೆ ಬಿಡ್ತೀರಾ?” ಹತ್ತು ನಿಮಿಷ ಎಂದೆ. ಖಾಕಿ ಹಾಕಿಕೊಂಡ ಮೇಲೆ ಜನರಿಗೆ ಅಷ್ಟಾದರೂ ಉತ್ತರ ಕೊಡಬೇಡವೇ?

ಮಗಳು ಅಷ್ಟಕ್ಕೇ ಬಿಡಲಿಲ್ಲ, ಬೀರುವಿನಲ್ಲಿ ಏಳೇ ಉಡುಪು ಸಾಕು ಎಂದಳು. ಅಮೆರಿಕದ ಡಿಸೈನರ್ ಡೊನ್ನಾ ಕ್ಯಾರನ್ 1985ರಲ್ಲಿ ಏಳೇ ಉಡುಪುಗಳ ಲೆಕ್ಕ ತಂದವರು. ಒಂದರ ಜೊತೆ ಇನ್ನೊಂದನ್ನು ಹೊಂದಿಸಿಕೊಂಡು ಆಫೀಸು, ಸಂಜೆಯ ಪಾರ್ಟಿ ಎಲ್ಲವನ್ನೂ ನಿಭಾಯಿಸಬಹುದು. ಅವರಿಗೆ ನಮ್ಮ ಕಡೆಯ ಮದುವೆಗೆ ಯಾರೂ ಕರೆ ಕೊಟ್ಟಿರಲಿಲ್ಲ ಅನ್ನಿಸುತ್ತದೆ. ದೇವರೂಟ, ಅರಿಶಿನ, ಮುಹೂರ್ತ, ಆರತಕ್ಷತೆ, ಬೀಗರ ಊಟ, ಹೋಗುವಾಗ ಒಂದು, ಬರುವಾಗ ಒಂದು. ಅಲ್ಲಿಗೆ ಏಳೂ ಮುಗಿಯಿತು. ಅದರಲ್ಲಿ ಒಂದು ಹಳೆಯದಾದರೂ ಸಾಕು, “ಇದು ಅವರ ಗೃಹಪ್ರವೇಶದಲ್ಲಿ ಉಟ್ಟಿದ್ದಲ್ವಾ?” ಎಂದು ನೆನಪಿಟ್ಟುಕೊಂಡು ಕೇಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ಆದರೂ ಬೀರು ಖಾಲಿ ಮಾಡಿ ಹೊಸ ಬಟ್ಟೆ ತಂದದ್ದಾಯಿತು. ಮೊದಲು ಲಿನನ್. ಅಗಸೆ ನಾರಿನ ಬಟ್ಟೆ, ಬೆವರು ಬೇಗ ಹೀರುತ್ತದೆ, ಮೈಗೆ ತಂಪು. ಆದರೆ ಆ ನಾರು ಒಮ್ಮೆ ಮಡಚಿದರೆ ತಾನಾಗಿ ನೆಟ್ಟಗಾಗುವ ಜಾತಿಯದಲ್ಲ. ಇಸ್ತ್ರಿ ಮಾಡಿಸಿ ಗರಿಗರಿಯಾಗಿ ಮನೆ ಬಿಟ್ಟವಳು, ಆಫೀಸು ಸೇರುವಾಗ ಸುಕ್ಕುಸುಕ್ಕು. ಮ್ಯಾನೇಜರ್ ಬಹಳ ಮರುಕದಿಂದ, “ಊರಿಂದ ರಾತ್ರಿ ಬಸ್ಸಲ್ಲಿ ಬಂದ್ರಾ? ಅರ್ಧ ದಿನ ರಜೆ ತಗೋಬಹುದಿತ್ತಲ್ಲ” ಎಂದರು. ಅಂದಹಾಗೆ, ಆ ಅರ್ಧ ದಿನ ತಗೊಂಡೆ.

ಆಮೇಲೆ ಅಗಲ ತೋಳಿನ ಟಾಪು. ಮದುವೆ ಊಟದಲ್ಲಿ ಉಪ್ಪಿನಕಾಯಿಗೆ ಕೈ ಚಾಚಿದೆ. ತೋಳು ದಾರಿಯಲ್ಲಿ ಸಾರಿಗೆ ಇಳಿದು, ಪಲ್ಯ ಸವರಿಕೊಂಡು, ಪಾಯಸದಲ್ಲಿ ಮುಗಿಸಿತು. ನನಗಿಂತ ಮೊದಲು ಅದರ ಊಟವಾಯಿತು. ಅಗಲ ಕಾಲಿನ ಪಲಾಜೊ ಪ್ಯಾಂಟಿನ ಕಥೆ ಇನ್ನೂ ಚಿಕ್ಕದು. ಬಸ್ಸಿನ ಮೆಟ್ಟಿಲಲ್ಲಿ ಹಿಂದಿದ್ದವರು ಅದರ ಅಂಚಿನ ಮೇಲೆ ಕಾಲಿಟ್ಟಿದ್ದರು. ನಾನು ಹತ್ತಿದೆ, ಪಲಾಜೊ ಹತ್ತಲಿಲ್ಲ. ಕುರ್ತಾ ಉದ್ದವಿದ್ದದ್ದು ಯಾರ ಪುಣ್ಯವೋ!

ಇಷ್ಟೆಲ್ಲ ಆದ ಮೇಲೆ ಅವ್ವನ ಟ್ರಂಕಿಗೆ ಕೈ ಹಾಕಿದೆ. ಅಲ್ಲಿ ಇಳಕಲ್ ಸೀರೆ ಇತ್ತು. ಈ ಸೀರೆಯ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಸಹಿಸಿಕೊಳ್ಳಿ. ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸನ್ನೂ, ಅಂದರೆ ಉದ್ದದ ಎಳೆಗಳನ್ನು, ಬೇರೆ ಬೇರೆ ಮಾಡಿಕೊಂಡು, ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಕೆಂಪು ಸೆರಗಿನಲ್ಲಿ ತೋಪು ತೆನೆ, ಹಣಿಗೆ ಎಂಬ ಬಿಳಿಯ ಡಿಸೈನ್‌ಗಳು. ಮೈಗೆ ಅಂಟುವ ಕಡೆ ಹತ್ತಿ, ನಾಲ್ಕು ಜನ ನೋಡುವ ಕಡೆ ರೇಷ್ಮೆ ಎಂದು ಲೆಕ್ಕ ಹಾಕಿದವರು ಯಾರೋ, ಅವರಿಗೆ ಸೆಖೆಯೂ ಗೊತ್ತಿತ್ತು, ನೆಂಟರೂ ಗೊತ್ತಿದ್ದರು.

ಜೊತೆಗೆ ಕುಬುಸ ಹೊಲಿಸುವ ಗುಳೇದಗುಡ್ಡದ ಖಣ, ತ್ರಿಕೋನವಾಗಿ ಮಡಚಿಟ್ಟದ್ದು ಹಾಗೇ ಇತ್ತು. ತೇರಿನ ಡಿಸೈನ್. ಖಣದ ಪನ್ನ, ಅಂದರೆ ಅಗಲ, ಸಣ್ಣದು. ನಮ್ಮ ಅಜ್ಜಿಯರ ಕುಬುಸಕ್ಕೆ ಅದು ಸಾಕಿತ್ತು. ನಾನು ಬೆಂಗಳೂರಿನ ಟೇಲರ್ ಮುಂದೆ ಬೋಟ್ ನೆಕ್, ಮೊಣಕೈ ತನಕ ತೋಳು, ಒಳಗೆ ಎರಡಿಂಚು ಬಟ್ಟೆ ಬಿಡಿ ಎಂದೆಲ್ಲ ಹೇಳಿದೆ. ಅವರು ಟೇಪ್ ಕೊರಳಿಗೆ ಹಾಕಿಕೊಂಡು, “ಬಟ್ಟೆ ಸಾಲಲ್ಲ ಮೇಡಂ. ಪರವಾಗಿಲ್ಲ, ಅಡ್ಜಸ್ಟ್ ಮಾಡ್ತೀನಿ” ಎಂದರು. ಎರಡು ವಾರ “ನಾಳೆ ಬನ್ನಿ” ಎಂದು, ಮದುವೆಗೆಂದು ಧಾರವಾಡಕ್ಕೆ ಹೊರಡುವ ದಿನ ಸಂಜೆ ಕೊಟ್ಟರು. ಹಾಕಿ ನೋಡಿದೆ. ಅಳತೆ ಸರಿಯಾಗಿತ್ತು! ಟೇಲರ್ ಅಂಗಡಿಯಿಂದ ಸರಿಯಾದ ಅಳತೆ ಬಂದರೆ ಮನುಷ್ಯ ಬೇರೆ ಏನನ್ನೂ ಪರೀಕ್ಷೆ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಮದುವೆ ಮನೆಯಲ್ಲಿ ಹಿಂದಿನ ಸಾಲಿನ ಮುದುಕಿಯೊಬ್ಬರು ನನ್ನ ಬೆನ್ನನ್ನು ಬೆರಳಿಂದ ತಟ್ಟಿದರು. “ಯವ್ವಾ, ನಿನ್ನ ಬೆನ್ನ ಮ್ಯಾಲಿನ ತೇರೆಲ್ಲಾ ತಲಿಕೆಳಗ ನಿಂತಾವಲ್ಲ!”

ಅಡ್ಜಸ್ಟ್ ಆಗಿದ್ದು ಅಲ್ಲಿ. ಬಟ್ಟೆ ಉಳಿಸಲು ಹಿಂಭಾಗವನ್ನು ಉಲ್ಟಾ ಕತ್ತರಿಸಿದ್ದರು. ಕಳಸ ಕೆಳಗೆ, ಗಾಲಿ ಮೇಲೆ. ಆ ಸಾಲಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕನ್ನಡಕ ಹಾಕಿಕೊಂಡು ದರ್ಶನ ಪಡೆದರು. ಒಬ್ಬರಂತೂ ಕೈ ಮುಗಿಯುವುದೋ ಬಿಡುವುದೋ ಎಂದು ಯೋಚಿಸಿದರು. ನಾನು ಸೆರಗನ್ನು ಎರಡೂ ಭುಜಕ್ಕೆ ಹೊದ್ದುಕೊಂಡೆ. ಊಟ ಮುಗಿಯುವವರೆಗೂ ತೆಗೆಯಲಿಲ್ಲ. ಒಳಗೆ ಬೆವರು ಹರಿಯುತ್ತಿತ್ತು. ಆದರೆ ಸಂಜೆಗೆ ಸೋದರತ್ತೆ ಹತ್ತು ಜನರ ಮುಂದೆ, “ಬೆಂಗಳೂರಾಗ ಇದ್ರೂ ಸೆರಗು ಹ್ಯಾಂಗ ಹೊತ್ತಾಳ ನೋಡ್ರಿ, ನಮ್ಮ ಹುಡುಗೇರು ಕಲೀಬೇಕು” ಎಂದುಬಿಟ್ಟರು. ಅಂದಿನಿಂದ ಆ ಊರಿನ ಮದುವೆಗಳಿಗೆ ಹಾಗೇ ಹೊದ್ದು ಹೋಗುತ್ತೇನೆ. ಈಗ ಅದು ನನ್ನ ಸ್ಟೈಲ್ ಅಂತೆ.

ಬೆಂಗಳೂರಿನಲ್ಲಿ ದಿನಾ ಇಳಕಲ್ ಉಟ್ಟು ಸ್ಕೂಟರ್ ಹತ್ತುವುದು ನನ್ನಿಂದ ಆಗದು. ಹಾಗಾಗಿ ಕುರ್ತಾ ತಗೊಳ್ಳಲೇಬೇಕು. ಆದರೆ ಕನ್ನಡಿಯನ್ನು ನಾನು ಈಗ ಕೊನೆಗೆ ಕೇಳುತ್ತೇನೆ. ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದು ನಿಂತರೆ ಎಲ್ಲ ಬಟ್ಟೆಯೂ ಚೆನ್ನಾಗಿ ಕಾಣುತ್ತದೆ. ಹಾಗೆ ನಿಂತುಕೊಂಡು ಯಾರಾದರೂ ದಿನ ಕಳೆಯುತ್ತಾರಾ? ಮೊದಲು ಬಲಗೈ ಎತ್ತಿ ಬಸ್ಸಿನ ಕಂಬಿ ಹಿಡಿದಂತೆ ನಿಲ್ಲುತ್ತೇನೆ. ಕುರ್ತಾ ಸೊಂಟದ ಮೇಲಕ್ಕೆ ಬಂದರೆ ಅದು ಬೇಡ. ಜೇಬಿಗೆ ಫೋನೂ ಬೀಗದ ಕೈಯೂ ಹಾಕಿ ಒಂದು ಸಲ ಕುಣಿಯುತ್ತೇನೆ. ಜೇಬಿದ್ದರೆ ಬಣ್ಣ ಯಾವ ಋತುವಿನದ್ದಾದರೂ ಸರಿ. ಹೆಂಗಸರ ಬಟ್ಟೆಗೆ ಜೇಬಿಡಲು ಅದ್ಯಾಕೆ ಅಷ್ಟು ಜಿಪುಣತನವೋ, ಅದೊಂದು ಬೇರೆಯೇ ಜಗಳ. ಕೊನೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎದುರಿಗೆ ಎಲೆ ಇದೆ ಎಂದುಕೊಂಡು, ಉಪ್ಪಿನಕಾಯಿಯ ಮೂಲೆಯವರೆಗೆ ಕೈ ಚಾಚುತ್ತೇನೆ.

ಟ್ರಯಲ್ ರೂಮಿನ ಬಾಗಿಲ ಕೆಳಗೆ ಗೇಣುದ್ದ ಸಂದಿ ಇರುತ್ತದಲ್ಲ, ಮೊನ್ನೆ ಅಂಗಡಿಯ ಹುಡುಗಿಗೆ ಅಲ್ಲಿಂದ ನನ್ನ ಮಂಡಿ ಕಂಡಿರಬೇಕು. ಗಾಬರಿಯಿಂದ ಬಾಗಿಲು ಬಡಿದಳು.

“ಮೇಡಂ, ಬಿದ್ಬಿಟ್ರಾ?”

“ಇಲ್ಲಮ್ಮಾ, ಊಟಕ್ಕೆ ಕೂತಿದ್ದೀನಿ.”

ಸ್ವಲ್ಪ ಹೊತ್ತು ಆಚೆ ಕಡೆಯಿಂದ ಮಾತಿಲ್ಲ.

“ಹಾಗಾದ್ರೆ ಎಕ್ಸ್‌ಎಲ್ ತರ್ಲಾ ಮೇಡಂ?”