ನಾಯಿ ರಾತ್ರಿ ಎಲ್ಲಿ ಮಲಗುತ್ತೆ?

ಹೋದ ವರ್ಷ ನಾವು ಹನ್ನೊಂದು ಜನ ಸೇರಿ ಬೆಟ್ಟದ ಮೇಲೆ ಒಂದು ದೊಡ್ಡ ಮನೆಯನ್ನು ನಾಲ್ಕು ದಿನಕ್ಕೆ ಬಾಡಿಗೆಗೆ ಹಿಡಿದಿದ್ದೆವು. ಐದು ರೂಮು, ದೊಡ್ಡ ಹಾಲು, ಸುತ್ತ ಹುಲ್ಲುಗಾವಲು. ಜಾಹೀರಾತಿನಲ್ಲಿ 'ಪೆಟ್ ಫ್ರೆಂಡ್ಲಿ' ಅಂತ ಬರೆದಿತ್ತು. ಆ ಒಂದು ಮಾತಿಗೇ ಆ ಮನೆ ಆರಿಸಿದ್ದು. ನಮ್ಮ ನಾಯಿ ಚಿನ್ನುವಿಗೆ ಒಂಬತ್ತು ವರ್ಷ. ಅವಳನ್ನು ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ.

ಸಾಮಾನು ಇಳಿಸುತ್ತಿದ್ದಾಗ ಅಲ್ಲಿನ ಕೇರ್‌ಟೇಕರ್ ಹಿತ್ತಲಿನ ಶೆಡ್ ತೋರಿಸಿದರು. "ನಾಯಿನ ಇಲ್ಲಿ ಕಟ್ಟಿ ಮೇಡಂ, ಒಳಗೆ ಬಿಡೋ ಹಾಗಿಲ್ಲ." ಸಿಮೆಂಟ್ ನೆಲ, ತಗಡಿನ ಸೂರು, ಗೋಡೆಗೆ ಒಂದು ಕೊಂಡಿ. ಬೆಟ್ಟದಲ್ಲಿ ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ಚಳಿ ಜಾಸ್ತಿ. ಬಯಲಲ್ಲಿ ಬೆಳೆದ, ಗಂಟು ನೋವಿರುವ ವಯಸ್ಸಾದ ನಾಯಿಯನ್ನು ಆ ನೆಲದ ಮೇಲೆ ಹೇಗೆ ಮಲಗಿಸಲಿ? ಆ ರಾತ್ರಿ ನಾನು ಅವಳ ಜೊತೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದೆ. ಅವಳ ಉಸಿರಿಗೆ ಗಾಜೆಲ್ಲ ಮಂಜಾಗಿತ್ತು. ಒಳಗೆ ಎಲ್ಲರೂ ನಗುತ್ತಿದ್ದದ್ದು ಕೇಳಿಸುತ್ತಿತ್ತು. ಪ್ರತಿ ಸಲ ನಗು ಕೇಳಿದಾಗಲೂ ಅವಳು ಕಿವಿ ನಿಮಿರಿಸಿ ಆ ಬಾಗಿಲ ಕಡೆಗೇ ನೋಡುತ್ತಿದ್ದಳು.

ಕೇರ್‌ಟೇಕರ್ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹೇಳಿದ್ದನ್ನು ಅವರು ಮಾಡಿದರು. ಸಿಟ್ಟಿರುವುದು ಆ ಜಾಹೀರಾತಿನ ಮೇಲೆ. ನಾಯಿಯನ್ನು ಹೊರಗೆ ಕಟ್ಟಿಹಾಕಲು ಜಾಗ ಇದ್ದ ಮಾತ್ರಕ್ಕೆ ಅದು ಪೆಟ್ ಫ್ರೆಂಡ್ಲಿ ಮನೆ ಅಲ್ಲ. ಹಾಗಂತಲೇ ಬರೆಯಲಿ, ನಾವು ಬೇರೆ ಕಡೆ ನೋಡಿಕೊಳ್ಳುತ್ತೇವೆ. ಮಾಲೀಕರ ಕಷ್ಟವೂ ನನಗೆ ಗೊತ್ತು. ಮುಂಚೆ ಬಂದವರು ಕೆಸರುಕಾಲಿನ ನಾಯಿಯನ್ನು ಹಾಸಿಗೆ ಹತ್ತಿಸಿರುತ್ತಾರೆ, ಮನೆಯ ಟವೆಲಿನಲ್ಲೇ ಒರೆಸಿರುತ್ತಾರೆ. ಅದಕ್ಕೆ ಜಾಸ್ತಿ ಅಡ್ವಾನ್ಸ್ ಕೇಳಲಿ, ಹಾಸಿಗೆ ಹತ್ತಿಸಬೇಡಿ ಅನ್ನಲಿ. ನಾನು ಖುಷಿಯಿಂದ ಒಪ್ಪುತ್ತೇನೆ. ಆದರೆ ದುಡ್ಡು ಕಟ್ಟುವ ಮೊದಲೇ ಹೇಳಬೇಕು, ಅಲ್ವಾ?

ಈಗ ನಾನು "ನಾಯಿ ಬಿಡ್ತೀರಾ?" ಅಂತ ಕೇಳುವುದೇ ಇಲ್ಲ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. "ರಾತ್ರಿ ಎಲ್ಲಿ ಮಲಗುತ್ತೆ?" ಅಂತ ಕೇಳುತ್ತೇನೆ. ಆಮೇಲೆ ಬೇಲಿ ವಿಷಯ. ಸುತ್ತ ಬೇಲಿ ಇದೆ ಅನ್ನುತ್ತಾರೆ, ಹೋಗಿ ನೋಡಿದರೆ ಎರಡು ಎಳೆ ತಂತಿ ಇರುತ್ತದೆ. ಅದು ದನಕ್ಕೆ ಸಾಕು, ನಾಯಿಗೆ ಅಲ್ಲ.

ದೊಡ್ಡ ಮನೆಗೆ ಅದರದ್ದೇ ಒಂದು ತೊಂದರೆ ಇದೆ. ಹನ್ನೊಂದು ಜನ ಇದ್ದರೆ ಗೇಟು ಹಾಕುವವರು ಯಾರೂ ಇರುವುದಿಲ್ಲ. ಹಿಂದೆ ಬರುವವರು ಹಾಕುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಎರಡನೇ ದಿನ ಚಿನ್ನು ಹಾಗೇ ಹೊರಗೆ ಹೋದಳು. ಇಪ್ಪತ್ತು ನಿಮಿಷ ಹುಡುಕಿದೆವು. ಇಳಿಜಾರಿನಲ್ಲಿ ಕೂಗಿದರೆ ನಮ್ಮ ದನಿ ನಾಲ್ಕು ಕಡೆಯಿಂದ ವಾಪಸ್ ಬರುತ್ತದೆ. ಯಾವ ಕಡೆಯಿಂದ ಕರೆಯುತ್ತಿದ್ದೇವೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಕೊನೆಗೆ ತೊರೆಯ ಹತ್ತಿರ ಸಿಕ್ಕಳು. ಅವತ್ತಿನಿಂದ ಅವಳ ಕೊರಳಪಟ್ಟಿಯ ಮೇಲೆ ನನ್ನ ಫೋನ್ ನಂಬರ್ ಇದೆ. ಗೇಟಿನ ಜವಾಬ್ದಾರಿ ದಿನಕ್ಕೊಬ್ಬರದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಇಂಥ ಮನೆಗಳು ವಾರಗಟ್ಟಲೆ ಖಾಲಿ ಬಿದ್ದಿರುತ್ತವೆ. ಹಾಗಾಗಿ ಇಲಿ ಪಾಷಾಣ ಇಟ್ಟೇ ಇರುತ್ತಾರೆ. ನಾಯಿಯನ್ನು ಒಳಗೆ ಬಿಡುವ ಮೊದಲು ನಾನು ಟಾರ್ಚ್ ಹಿಡಿದು ಮೊಣಕಾಲೂರಿ ಮಂಚ, ಫ್ರಿಜ್, ಸೋಫಾ ಎಲ್ಲದರ ಅಡಿ ನೋಡುತ್ತೇನೆ. ಒಂದು ಸಲ ಅಡುಗೆಮನೆಯ ಕಪಾಟಿನ ಹಿಂದೆ ನೀಲಿ ಬಣ್ಣದ ಬಿಲ್ಲೆ ಸಿಕ್ಕಿತ್ತು, ಅರ್ಧ ಕಡಿದದ್ದು. ಇಂಥ ಪಾಷಾಣಗಳಲ್ಲಿ ಹಲವು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತವೆ. ತಿಂದ ದಿನ ನಾಯಿ ಆರಾಮಾಗೇ ಇರುತ್ತದೆ. ಎರಡು ಮೂರು ದಿನ ಬಿಟ್ಟು ಒಳಗೊಳಗೇ ರಕ್ತ ಸೋರಲು ಶುರುವಾಗುತ್ತದೆ. ಅದಕ್ಕೇ ತಿಂದಿದೆ ಅನ್ನಿಸಿದರೆ ಕಾಯಬೇಡಿ, ಆ ಪೊಟ್ಟಣದ ಸಮೇತ ಡಾಕ್ಟರ ಹತ್ತಿರ ಓಡಿ. ಹೊರಡುವ ಮೊದಲೇ ಹತ್ತಿರದ ಪಶುವೈದ್ಯರ ನಂಬರ್ ಬರೆದಿಟ್ಟುಕೊಳ್ಳಿ. ಬೆಟ್ಟದಲ್ಲಿ ನೆಟ್‌ವರ್ಕ್ ನಂಬಬೇಡಿ.

ಮಕ್ಕಳಿಗೂ ಮೊದಲೇ ಹೇಳಿ: ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಇವು ಯಾವುದೂ ನಾಯಿಗೆ ಬೇಡ. ಹುಲ್ಲಿನಲ್ಲಿ ಓಡಾಡಿ ಬಂದಮೇಲೆ ಕಿವಿ, ಕಂಕುಳು, ಬೆರಳಸಂದಿಯಲ್ಲಿ ಉಣ್ಣಿ ಹುಡುಕಿ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ನಾಯಿಯನ್ನು ಕಾರಲ್ಲಿ ಬಿಡಲೇಬೇಡಿ. ಹೊರಗೆ 24 ಡಿಗ್ರಿ ಇದ್ದರೂ ಹತ್ತೇ ನಿಮಿಷದಲ್ಲಿ ಕಾರೊಳಗೆ 34 ಆಗುತ್ತದೆ.

ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದೇವೆ, ಬೇರೆ ಮನೆಗೆ. ಬೇಲಿ ಬಗ್ಗೆ ಕೇಳಿದ್ದಕ್ಕೆ ಆ ಮಾಲೀಕರು ಗೇಟಿನ ಫೋಟೋ ಕಳಿಸಿದರು. ಗೇಟಿನ ಅಡಿಯ ಸಂದಿಗೆ ತಮ್ಮ ಅಂಗೈ ಅಡ್ಡ ಇಟ್ಟು ತೆಗೆದ ಫೋಟೋ. ಕೆಳಗೆ ಒಂದೇ ಸಾಲು: "ಇಷ್ಟೇ ಸಂದಿ ಇರೋದು, ನಿಮ್ಮ ನಾಯಿ ಎಷ್ಟು ದೊಡ್ಡದು?" ನಾನು ಆಗಲೇ ಅಡ್ವಾನ್ಸ್ ಕಳಿಸಿಬಿಟ್ಟೆ.