ನವೆಂಬರ್ ಮೀಸೆಯೂ ನಮ್ಮ ಹರಕೆ ಗಡ್ಡವೂ

ನವೆಂಬರ್ ಒಂದು ನಮಗೆ ರಾಜ್ಯೋತ್ಸವ. ನಾನಿರುವ ಮೆಲ್ಬರ್ನ್‌ನಲ್ಲಿ ಅದೇ ದಿನ ಎಷ್ಟೋ ಗಂಡಸರು ಮುಖ ನುಣ್ಣಗೆ ಶೇವ್ ಮಾಡಿಕೊಂಡು ಕೆಲಸಕ್ಕೆ ಬರುತ್ತಾರೆ. ಆಮೇಲೆ ತಿಂಗಳು ಪೂರ್ತಿ ಮೀಸೆ ಬಿಡುತ್ತಾರೆ. ಗಡ್ಡ ಬಿಡುವ ಹಾಗಿಲ್ಲ, ಬರೀ ಮೀಸೆ. ಇದಕ್ಕೆ ಮೊವೆಂಬರ್ ಅಂತ ಹೆಸರು. ಈ ಮೀಸೆ ತೋರಿಸಿ ಗೆಳೆಯರಿಂದ, ಜೊತೆಗೆ ಕೆಲಸ ಮಾಡುವವರಿಂದ ದುಡ್ಡು ಎತ್ತುತ್ತಾರೆ. ಆ ದುಡ್ಡು ಗಂಡಸರ ಕ್ಯಾನ್ಸರ್ ಕೆಲಸಕ್ಕೆ ಹೋಗುತ್ತದೆ.

ಇದು ಹುಟ್ಟಿದ್ದೂ ಇದೇ ಊರಲ್ಲಿ. 2003ರಲ್ಲಿ ಟ್ರಾವಿಸ್ ಗರೋನ್, ಲ್ಯೂಕ್ ಸ್ಲ್ಯಾಟರಿ ಅನ್ನುವ ಇಬ್ಬರು ಗೆಳೆಯರು ಫಿಟ್ಜ್‌ರಾಯ್ ಕಡೆ ಬಿಯರ್ ಕುಡಿಯುತ್ತಾ ಕೂತಿದ್ದಾಗ, ಈಗ ಯಾರೂ ಮೀಸೆ ಬಿಡೋದೇ ಇಲ್ವಲ್ಲ ಅಂತ ಮಾತು ಬಂತು. ಆ ವರ್ಷ 30 ಜನ ಸುಮ್ನೆ ಮೀಸೆ ಬಿಟ್ಟರು, ಯಾವ ಕಾಯಿಲೆಗೂ ದುಡ್ಡು ಎತ್ತಲಿಲ್ಲ. ಮುಂದಿನ ವರ್ಷ 450 ಜನ ಸೇರಿದರು. 54,000 ಡಾಲರ್ ಎತ್ತಿ ಅಷ್ಟನ್ನೂ ಆಸ್ಟ್ರೇಲಿಯಾದ ಪ್ರಾಸ್ಟೇಟ್ ಕ್ಯಾನ್ಸರ್ ಫೌಂಡೇಶನ್‌ಗೆ ಕೊಟ್ಟರು. ಈಗ ಇದು 20ಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತದೆ. ಪ್ರಾಸ್ಟೇಟ್ ಜೊತೆಗೆ ವೃಷಣದ ಕ್ಯಾನ್ಸರ್, ಗಂಡಸರ ಮನಸ್ಸಿನ ಆರೋಗ್ಯ, ಆತ್ಮಹತ್ಯೆ ತಡೆಯುವ ಕೆಲಸವೂ ಸೇರಿಕೊಂಡಿದೆ.

ಇದರಲ್ಲಿ ದುಡ್ಡಿಗಿಂತ ದೊಡ್ಡದು ಒಂದಿದೆ ಅಂತ ನನಗೆ ಅನ್ನಿಸುತ್ತದೆ. ಇಲ್ಲಿ ಮೀಸೆ ಅಪರೂಪ. ಹಾಗಾಗಿ ನೋಡಿದವರು ಏನಿದು ಅಂತ ಕೇಳಲೇಬೇಕು. ಕೇಳಿದರೆ ಇವನು ಹೇಳಲೇಬೇಕು. ಆಫೀಸಿನ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಾಗ ನನ್ನ ಮ್ಯಾನೇಜರ್‌ನ ತೆಳು ಮೀಸೆ ನೋಡಿ ಯಾರೋ ಕೇಳಿದರು. ಅವನು ಯಾವ ಸಂಕೋಚವೂ ಇಲ್ಲದೆ ತನ್ನ ಅಪ್ಪನ ಪ್ರಾಸ್ಟೇಟ್ ಆಪರೇಷನ್, ಆಮೇಲೆ ಮೂತ್ರ ಸೋರುತ್ತಿದ್ದದ್ದು, ಅದಕ್ಕೆ ಅಪ್ಪ ತಿಂಗಳುಗಟ್ಟಲೆ ಪ್ಯಾಡ್ ಹಾಕಿಕೊಂಡಿದ್ದು, ಎಲ್ಲ ಹೇಳಿದ. ಕೇಳುತ್ತಿದ್ದವರಲ್ಲಿ ಹೆಂಗಸರೂ ಇದ್ದರು. ಯಾರೂ ಮುಖ ತಿರುಗಿಸಲಿಲ್ಲ. ಅಲ್ಲಿದ್ದ ಇನ್ನೊಬ್ಬ, ಐವತ್ತು ದಾಟಿದವನು, ಆ ವಾರವೇ ತನ್ನ ಡಾಕ್ಟರ್ ಹತ್ತಿರ ಹೋಗಿ ಮಾತಾಡಿಕೊಂಡು ಬಂದ.

ನಮ್ಮ ಕಡೆ ಇಂಥ ಮಾತು ನಡೆಯುವುದನ್ನು ನಾನು ನೋಡಿಲ್ಲ. ನಮ್ಮ ಬಳಗದಲ್ಲಿ ಹಿರಿಯರೊಬ್ಬರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ಮನೆಯವರು ಕೊನೆಯವರೆಗೂ ಹೇಳಿದ್ದು ‘ಏನೋ ಮೂತ್ರದ ತೊಂದರೆ’ ಅಂತ. ಕ್ಯಾನ್ಸರ್ ಅನ್ನುವ ಮಾತು ಅವರ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅವರ ಮೂವರು ಗಂಡುಮಕ್ಕಳಿಗೂ ಅಪ್ಪನಿಗೆ ಏನಾಗಿತ್ತು ಅಂತ ಸರಿಯಾಗಿ ಗೊತ್ತಾದದ್ದು ಆಮೇಲೆ. ಇದು ಬರೀ ಗುಟ್ಟಿನ ಪ್ರಶ್ನೆ ಅಲ್ಲ. ಅಪ್ಪನಿಗೋ ಅಣ್ಣನಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದರೆ ಮಗನಿಗೆ, ತಮ್ಮನಿಗೆ ಬರುವ ಸಂಭವ ಜಾಸ್ತಿ. ಅಪ್ಪ ಮುಚ್ಚಿಟ್ಟರೆ ಮಗ ಡಾಕ್ಟರ್‌ಗೆ ಏನು ಹೇಳುತ್ತಾನೆ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ನಮ್ಮಲ್ಲಿದೆ ಅಲ್ವಾ, ಕಾಯಿಲೆ ಬಿದ್ದ ನಮ್ಮ ಗಂಡಸರು ಹಾಗೇ ನಡೆದುಕೊಳ್ಳುತ್ತಾರೆ.

ಮಾತಾಡುವುದು ಅಂದೆನಲ್ಲ, ಏನು ಮಾತಾಡಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಪ್ರಾಸ್ಟೇಟ್ ಅನ್ನುವುದು ಮೂತ್ರಕೋಶದ ಕೆಳಗಿರುವ ಸಣ್ಣ ಗ್ರಂಥಿ. ವಯಸ್ಸಾದ ಹಾಗೆ ಅದು ಊದಿಕೊಳ್ಳುವುದು ಸಾಮಾನ್ಯ. ರಾತ್ರಿ ಮತ್ತೆ ಮತ್ತೆ ಏಳಬೇಕಾದರೆ, ಧಾರೆ ಸಣ್ಣಗಾದರೆ, ಹೆಚ್ಚಿನವರಲ್ಲಿ ಕಾರಣ ಈ ಊತವೇ, ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಶುರುವಾದಾಗ ಎಷ್ಟೋ ಸಲ ಯಾವ ತೊಂದರೆಯೂ ಕಾಣಿಸುವುದಿಲ್ಲ. ಅದಕ್ಕೇ ಪಿಎಸ್ಎ ಅನ್ನುವ ರಕ್ತಪರೀಕ್ಷೆ ಇರುವುದು. ಅದೂ ಕಣ್ಣುಮುಚ್ಚಿ ನಂಬುವಂಥದ್ದಲ್ಲ. ಊತಕ್ಕೂ ಪಿಎಸ್ಎ ಏರುತ್ತದೆ, ಸೋಂಕಿಗೂ ಏರುತ್ತದೆ. ನಿಧಾನವಾಗಿ ಬೆಳೆಯುವ, ಬದುಕಿಡೀ ತೊಂದರೆ ಕೊಡದ ಕ್ಯಾನ್ಸರ್ ಕೂಡ ಅದರಿಂದ ಹೊರಬೀಳುತ್ತದೆ, ಆಮೇಲೆ ಬೇಡದ ಆಪರೇಷನ್ ಆಗುವುದೂ ಉಂಟು. ಹಾಗಾಗಿ ಎಲ್ಲರೂ ಓಡಿಹೋಗಿ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಐವತ್ತರ ಸುಮಾರಿಗೆ, ಮನೆಯಲ್ಲಿ ಯಾರಿಗಾದರೂ ಬಂದಿದ್ದರೆ ಇನ್ನೂ ಸ್ವಲ್ಪ ಮೊದಲೇ, ಡಾಕ್ಟರ್ ಹತ್ತಿರ ಕೂತು ಕೇಳಿ, ಲಾಭ ನಷ್ಟ ಎರಡೂ ತಿಳಿದು ತೀರ್ಮಾನ ಮಾಡಿ. ವೃಷಣದ ಕ್ಯಾನ್ಸರ್ ಬೇರೆ ಥರ, ಅದು ಹೆಚ್ಚಾಗಿ ಹರೆಯದವರದ್ದು. ಬಿಸಿನೀರಿನ ಸ್ನಾನ ಆದ ಮೇಲೆ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಒಂದೊಂದನ್ನೇ ಮೆಲ್ಲಗೆ ಹೊರಳಿಸಿ ನೋಡಿದರೆ ಗಟ್ಟಿ ಗಂಟು ಇದ್ದರೆ ಕೈಗೆ ಸಿಗುತ್ತದೆ. ಬೇಗ ಸಿಕ್ಕರೆ ಬಹುಪಾಲು ಎಲ್ಲರೂ ಗುಣವಾಗುತ್ತಾರೆ. ಇಷ್ಟನ್ನು ಇಲ್ಲಿ ಹೈಸ್ಕೂಲು ಮುಗಿಸಿದ ಹುಡುಗನಿಗೂ ಹೇಳುತ್ತಾರೆ.

ಸರಿ, ಇದನ್ನೇ ಹಾಗೇ ಊರಿಗೆ ಒಯ್ದರೆ ಆಯ್ತಲ್ಲ ಅಂತ ಕೇಳುವವರಿದ್ದಾರೆ. ಬೆಂಗಳೂರಿನ ಕೆಲವು ಕಂಪನಿಗಳಲ್ಲಿ ನವೆಂಬರ್‌ನಲ್ಲಿ ಮೀಸೆ ಫೋಟೋ ಹಾಕುವ ರೂಢಿ ಬಂದೂ ಇದೆ. ನನಗೆ ಅದು ಒಗ್ಗುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಮೊದಲನೆಯದಾಗಿ, ನಮ್ಮ ಕಡೆ ಮೀಸೆ ಇದ್ದರೆ ಯಾರೂ ಏನೂ ಕೇಳುವುದಿಲ್ಲ. ಮೀಸೆ ತೆಗೆದರೆ ಕೇಳುತ್ತಾರೆ. ಒಂದು ನವೆಂಬರ್‌ನಲ್ಲಿ ನಾನು ಇಲ್ಲಿನ ನಿಯಮದಂತೆ ಮೀಸೆ ಬೋಳಿಸಿ ವಿಡಿಯೋ ಕಾಲ್‌ಗೆ ಕೂತಾಗ ಅಮ್ಮ ಗಾಬರಿಯಾದರು. ‘ಅಪ್ಪ ಇರೋವಾಗ ಹೀಗೆಲ್ಲ ಮೀಸೆ ತೆಗೀಬಾರದು ಕಣೋ’ ಅಂದರು. ಹಿಂದಿನಿಂದ ಅಪ್ಪ ‘ಹೋಗ್ಲಿ ಬಿಡೇ, ಮತ್ತೆ ಬರುತ್ತೆ’ ಅಂದರೂ ಅಮ್ಮನಿಗೆ ಸಮಾಧಾನ ಆಗಲಿಲ್ಲ. ಅವರ ಭಾವನೆ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೀಸೆ ತೆಗೆಯುವುದು ಅಂದರೆ ಅಪ್ಪ ತೀರಿಕೊಂಡಾಗ. ಅಂಥ ನೆನಪು ಇರುವ ಜಾಗದಲ್ಲಿ ಒಂದನೇ ತಾರೀಕು ಬೋಳಿಸಿ ಶುರುಮಾಡಿ ಅನ್ನುವುದು ಸರಿಹೋಗುವುದಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಆಸ್ಟ್ರೇಲಿಯಾದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಕೂಗಿ ಹೇಳುವುದಕ್ಕೆ ಅರ್ಥ ಇದೆ, ಇಲ್ಲಿನ ಗಂಡಸರಲ್ಲಿ ಅದು ತುಂಬಾ ಜಾಸ್ತಿ. ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಬಾಯಿ ಕ್ಯಾನ್ಸರ್. ಅದರ ಬಗ್ಗೆ ಮಾತಾಡದೆ ಗಂಡಸರ ಕ್ಯಾನ್ಸರ್ ಅಂತ ಫೋಟೋ ಹಾಕಿದರೆ ಏನು ಬಂತು? ಮೀಸೆಯ ಕೆಳಗೇ ಬಾಯಿ ಇದೆ.

ನಾನು ಅಡಿಕೆ ಬೆಳೆಯುವ ಮನೆಯಿಂದ ಬಂದವನು. ನನ್ನ ಓದಿಗೆ ಬಂದ ದುಡ್ಡು ಅಡಿಕೆಯದು. ಆದರೂ ಇದನ್ನು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೂ, ತಂಬಾಕಿನ ಹಾಗೇ, ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಸಾಲಿಗೆ ಸೇರಿಸಿತು. ಅಡಿಕೆಯ ಜೊತೆ ಹೊಗೆಸೊಪ್ಪು ಸೇರಿದರೆ ಇನ್ನೂ ಕೆಟ್ಟದ್ದು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಆಮೇಲೆ ಆದದ್ದೇನು? ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಎರಡನ್ನೂ ಒಟ್ಟಿಗೆ ಕೊಂಡು ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕುತ್ತಾರೆ. ಹದಿನೆಂಟು ತುಂಬದ ಹುಡುಗರ ಕೈಗೂ ಅದು ಸಿಗುತ್ತದೆ.

ಬಾಯಿ ಕ್ಯಾನ್ಸರ್‌ನ ವಿಷಯದಲ್ಲಿ ಒಂದು ಅನುಕೂಲ ಇದೆ. ಅದು ಕಣ್ಣಿಗೆ ಕಾಣುತ್ತದೆ. ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಾಕಿ ಕೆನ್ನೆಯನ್ನು ಬೆರಳಿನಿಂದ ಆಚೆ ಎಳೆದು ಒಳಗೆ ನೋಡಬಹುದು. ನಾಲಿಗೆಯನ್ನು ಎಡಕ್ಕೆ ಬಲಕ್ಕೆ ಹೊರಳಿಸಿ ಅದರ ಅಂಚು, ಕೆಳಭಾಗ ನೋಡಬಹುದು. ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ, ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು ಇದೆಯಾ, ಮೊದಲಿನಷ್ಟು ಬಾಯಿ ತೆರೆಯಲು ಆಗುತ್ತಿಲ್ಲವಾ, ಖಾರ ತಿಂದರೆ ಉರಿಯುತ್ತದಾ, ಇಷ್ಟು ಗಮನಿಸಿದರೆ ಸಾಕು. ಇದ್ದರೆ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಎಲ್ಲ ಮಚ್ಚೆಯೂ ಕ್ಯಾನ್ಸರ್ ಅಲ್ಲ, ಆದರೆ ನೋಡಬೇಕಾದವರು ಅವರು. ನಮ್ಮವರು ಆ ಹುಣ್ಣಿಗೆ ಉಷ್ಣ ಅಂತ ಹೆಸರಿಟ್ಟು ತಿಂಗಳು ಕಳೆಯುತ್ತಾರೆ. ಆಸ್ಪತ್ರೆ ಮುಟ್ಟುವಾಗ ದವಡೆ ತೆಗೆಯುವ ಹಂತಕ್ಕೆ ಬಂದಿರುತ್ತದೆ.

ಇನ್ನು ಗಡ್ಡದ ವಿಷಯ. ನವೆಂಬರ್‌ನಲ್ಲಿ ಕರ್ನಾಟಕದ ಯಾವ ಊರಿಗೆ ಹೋದರೂ ಗಡ್ಡ ಬಿಟ್ಟ ಗಂಡಸರು ಸಿಗುತ್ತಾರೆ. ತಿಂಗಳ ನಡುವೆ ಶಬರಿಮಲೆಯ ಮಂಡಲ ಕಾಲ ಶುರುವಾಗುತ್ತದೆ, ಮಾಲೆ ಹಾಕಿ 41 ದಿನದ ವ್ರತ ಹಿಡಿಯುತ್ತಾರೆ. ಕಪ್ಪು ಬಟ್ಟೆ, ಬರಿಗಾಲು, ತಣ್ಣೀರ ಸ್ನಾನ, ಬೆಳೆದ ಗಡ್ಡ. ನೋಡಿದವರು ‘ಸ್ವಾಮಿ’ ಅಂತ ಕರೆಯುತ್ತಾರೆ. ಆ ದಿನಗಳಲ್ಲಿ ಅವರು ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಗುಟ್ಕಾ ಮುಟ್ಟುವುದಿಲ್ಲ. ದಿನಕ್ಕೆ ಹತ್ತು ಪೊಟ್ಟಣ ಹಾಕುವವನು ಕೂಡ ಮಾಲೆ ಬಿದ್ದ ದಿನದಿಂದ ಬಿಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾವ ಜಾಹೀರಾತಿನಿಂದಲೂ ಆಗದ ಕೆಲಸ ಇದು. ಮೆಲ್ಬರ್ನ್‌ನವರು ಮೀಸೆ ಬಿಟ್ಟು ಮಾತು ಶುರುಮಾಡಿದರು. ನಮ್ಮವರು ಗಡ್ಡ ಬಿಟ್ಟು ಚಟವನ್ನೇ ನಿಲ್ಲಿಸುತ್ತಾರೆ. ಇದು ಸಣ್ಣ ಮಾತಲ್ಲ. ತೊಂದರೆ ಇರುವುದು ಮಾಲೆ ತೆಗೆದ ಮಾರನೇ ದಿನ. ಬಹಳ ಜನ ಮತ್ತೆ ಅಂಗಡಿ ಮುಂದೆ ನಿಂತಿರುತ್ತಾರೆ.

ವ್ರತಕ್ಕೆ ಕ್ಯಾನ್ಸರ್ ಯಾಕೆ ಎಳೆದು ತರುತ್ತೀರಿ ಅಂತ ಕೆಲವರಿಗೆ ಬೇಸರ ಆಗಬಹುದು. ವ್ರತದ ಒಂದು ಕಟ್ಟಳೆಯನ್ನೂ ನಾನು ಬದಲಿಸಿ ಅನ್ನುತ್ತಿಲ್ಲ. ನನ್ನ ಕೋರಿಕೆ ಗುರುಸ್ವಾಮಿಗಳಿಗೆ. ಅವರ ಮಾತಿಗೆ ಇರುವ ತೂಕ ಡಾಕ್ಟರ್ ಮಾತಿಗೂ ಇಲ್ಲ. ಮಾಲೆ ಇರುವಾಗಲೇ ಒಂದು ಸಂಜೆ ಭಜನೆ ಮುಗಿದ ಮೇಲೆ ಹತ್ತಿರದ ಹಲ್ಲಿನ ಡಾಕ್ಟರನ್ನು ಕರೆಸಿ ಎಲ್ಲ ಸ್ವಾಮಿಗಳ ಬಾಯಿ ನೋಡಿಸಿ. ಒಬ್ಬರಿಗೆ ಒಂದೆರಡು ನಿಮಿಷ ಸಾಕು. 41 ದಿನ ಗುಟ್ಕಾ ಇಲ್ಲದೆ ಇದ್ದವನಿಗೆ 42ನೇ ದಿನವೂ ಇರಲು ಆಗುತ್ತದೆ ಅಂತ ಅವರು ಒಂದು ಮಾತು ಹೇಳಿದರೆ ಕೇಳುವವರು ಇದ್ದೇ ಇರುತ್ತಾರೆ.

ದುಡ್ಡಿನ ವಿಷಯದಲ್ಲೂ ಎರಡು ಕಡೆ ಬೇರೆ ಬೇರೆ. ಇಲ್ಲಿ ನನ್ನ ಮೀಸೆಗೆ ದುಡ್ಡು ಕೊಡಿ ಅಂತ ಕೇಳಲು ಯಾರೂ ನಾಚುವುದಿಲ್ಲ, ಕೊಡುವವರೂ ಐದು ಹತ್ತು ಡಾಲರ್ ಹಾಕಿ ಹೆಸರು ಬರೆಯುತ್ತಾರೆ. ನಮ್ಮವರು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಅನ್ನಸಂತರ್ಪಣೆಗೆ ಅಂದರೆ ಮೂಟೆಗಟ್ಟಲೆ ಅಕ್ಕಿ ಬರುತ್ತದೆ. ಕಾಯಿಲೆಗೆ ಅಂತ ಕೇಳುವುದು ಮಾತ್ರ ನಮಗೆ ಕಷ್ಟ. ಇಲ್ಲಿನ ದುಡ್ಡು ಸಂಶೋಧನೆಗೆ, ಜನರಿಗೆ ತಿಳಿಸುವುದಕ್ಕೆ ಹೋಗುತ್ತದೆ. ನಮ್ಮಲ್ಲಿ ಮೊದಲ ಕೊರತೆ ಬೇರೆಯದು. ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಅಂದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದವರು ಅಷ್ಟು ದಿನ ಎಲ್ಲಿ ಉಳಿಯಬೇಕು, ಏನು ತಿನ್ನಬೇಕು? ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಚಿಕಿತ್ಸೆ ಕಡಿಮೆ ಖರ್ಚಿನಲ್ಲಿ ಸಿಕ್ಕರೂ ಇದನ್ನು ತಾಳಲಾರದೆ ನಡುವೆಯೇ ಊರಿಗೆ ಹೊರಡುವವರಿದ್ದಾರೆ.

ಈ ಸಲ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನಾನು ಎರಡು ಕೋರಿಕೆ ಇಟ್ಟಿದ್ದೇನೆ. ಊಟದ ಹಾಲ್‌ನ ಪಕ್ಕದ ಕೋಣೆಯಲ್ಲಿ ಸಂಘದ ಹಲ್ಲಿನ ಡಾಕ್ಟರುಗಳು ಕೂತು ಬಂದವರ ಬಾಯಿ ನೋಡಬೇಕು. ಇಬ್ಬರು ಆಗಲೇ ಒಪ್ಪಿದ್ದಾರೆ. ಊರಿಂದ ಬಂದಿರುವ ಅಪ್ಪಂದಿರು, ಮಾವಂದಿರು ಇರುತ್ತಾರಲ್ಲ, ಅವರನ್ನು ಮೊದಲು ಕರೆದುಕೊಂಡು ಬನ್ನಿ. ಎರಡನೆಯದು, ಗಡ್ಡಕ್ಕೋ ಮೀಸೆಗೋ ನಾವು ಎತ್ತುವ ದುಡ್ಡು ಬೆಂಗಳೂರಿಗೆ ಚಿಕಿತ್ಸೆಗೆ ಬಂದವರ ಊಟ ವಸತಿಗೆ ಹೋಗಬೇಕು. ಕಮಿಟಿಯಲ್ಲಿ ಕೆಲವರು ನಾವು ಬದುಕುವ ನೆಲದ ಸಂಶೋಧನೆಗೇ ಕೊಡೋಣ ಅನ್ನುತ್ತಿದ್ದಾರೆ, ಅದರಲ್ಲೂ ನ್ಯಾಯ ಇದೆ. ಅರ್ಧ ಅರ್ಧ ಮಾಡಿದರೂ ನನ್ನ ಒಪ್ಪಿಗೆ ಇದೆ.