ಮುಂಚೆ ಹೇಳಿ ಬರುವ ಕಳ್ಳರಿಗಾಗಿ

ಬ್ರಿಟನ್ನಿನ ಗೃಹ ಇಲಾಖೆಯ ಬುದ್ಧಿಗೆ ನಾನು ಮೊದಲಿನಿಂದಲೂ ಅಭಿಮಾನಿ. ಸ್ವಂತ ವಿಮಾನದಲ್ಲಿ ದೇಶದ ಗಡಿ ದಾಟುವವರು ಹೊರಡುವುದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆ ಆನ್‌ಲೈನಿನಲ್ಲಿ ‘ಗಾರ್’ ಅನ್ನುವ, ಯಾರು ಎಲ್ಲಿಗೆ ಹಾರುತ್ತಿದ್ದಾರೆ ಅಂತ ತಿಳಿಸುವ ಫಾರ್ಮ್ ತುಂಬಬೇಕು ಅಂತ 2024ರ ಏಪ್ರಿಲ್ 6ರಿಂದ ಕಾನೂನು ಮಾಡಿದ್ದಾರಲ್ಲ, ತಪ್ಪಿದರೆ 10,000 ಪೌಂಡ್‌ವರೆಗೆ ದಂಡ. ಕಳ್ಳಸಾಗಣೆ ತಡೆಯಬೇಕಂತೆ. ಸರಿಯೇ. ಕೊಕೇನು ತುಂಬಿಕೊಂಡು ಹೊರಟವನು ಲಾಗಿನ್ ಆಗಿ, ಪಾಸ್‌ಪೋರ್ಟ್ ನಂಬರು, ಹುಟ್ಟಿದ ತಾರೀಕು ಎಲ್ಲ ಬರೆದು, ಸಬ್‌ಮಿಟ್ ಒತ್ತಿ, ಎರಡು ಗಂಟೆ ಕೈಕಟ್ಟಿ ಕೂರುತ್ತಾನೆ, ಪಾಪ.

ಸ್ವಂತ ವಿಮಾನ ಅಂದ ತಕ್ಷಣ ಚರ್ಮದ ಸೋಫಾ, ಷಾಂಪೇನು ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಕೆಂಟ್‌ನಲ್ಲಿರುವ ನನ್ನ ಹಾಸನದ ಗೆಳೆಯ ಐದು ಜನರ ಜೊತೆ ಪಾಲು ಹಾಕಿ ಕೊಂಡ ಪುಟ್ಟ ಸೆಸ್ನಾ ವಿಮಾನ ನನಗಿಂತ ವಯಸ್ಸಿನಲ್ಲಿ ದೊಡ್ಡದು. ಪ್ರೀಮಿಯರ್ ಪದ್ಮಿನಿಗೆ ರೆಕ್ಕೆ ಕಟ್ಟಿದ ಹಾಗಿದೆ. ಬಾಗಿಲು ಎರಡು ಸಲ ಎಳೆದು ಹಾಕಬೇಕು. ಅದರಲ್ಲಿ ಇಂಗ್ಲಿಷ್ ಚಾನೆಲ್ ದಾಟಿ ಫ್ರಾನ್ಸಿನಲ್ಲಿ ಊಟ ಮಾಡಿ ಬರೋಣ ಅಂತ ಹೊರಟೆವು. ಹಾರಾಟ ಅರ್ಧ ಗಂಟೆ. ಶನಿವಾರ ರಾತ್ರಿಯೆಲ್ಲ ಫಾರ್ಮ್: ಹೋಗೋದಕ್ಕೊಂದು, ಬರೋದಕ್ಕೊಂದು, ಫ್ಲೈಟ್ ಪ್ಲಾನ್ ಬೇರೆ, ಆ ಕಡೆಯ ಕಸ್ಟಮ್ಸ್‌ಗೆ ಮುಂಗಡ ನೋಟಿಸು ಬೇರೆ.

“ವಾಪಸ್ ಎಷ್ಟೊತ್ತಿಗೆ ಹೊರಡ್ತೀವಿ ಅಂತ ಕೇಳ್ತಿದೆ ಕಣೋ.”

“ಊಟ ಯಾವಾಗ ಮುಗಿಯುತ್ತೆ ಗುರು?”

“ಅಲ್ಲಿಯ ಮಾಣಿ ಮನಸ್ಸು ಮಾಡಿದಾಗ.”

1909ರ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೇರಿಯೊ ವಿಮಾನದಲ್ಲಿ ಇದೇ ನೀರು ದಾಟಿದ. ಫ್ರಾನ್ಸಿನ ಕ್ಯಾಲೆ ಬಳಿಯಿಂದ ಹೊರಟು ಸುಮಾರು 37 ನಿಮಿಷಕ್ಕೆ ಇಂಗ್ಲೆಂಡಿನ ಡೋವರ್ ಕೋಟೆಯ ಪಕ್ಕದ ಇಳಿಜಾರಿಗೆ ದೊಪ್ಪೆಂದು ಬಿದ್ದ. ಚಕ್ರ, ಪ್ರೊಪೆಲ್ಲರ್ ಎರಡೂ ಪುಡಿ. ಕಸ್ಟಮ್ಸ್‌ನವರು ಓಡಿ ಬಂದರು. ವಿಮಾನಕ್ಕೆ ಅಂತ ಫಾರ್ಮೇ ಇರಲಿಲ್ಲ. ಹಡಗಿನ ಫಾರ್ಮ್ ತೆಗೆದರು. ಹಡಗಿನ ಹೆಸರು ‘ಮಾನೊಪ್ಲೇನ್’, ಯಜಮಾನ ಬ್ಲೇರಿಯೊ, ಬಂದದ್ದು ಕ್ಯಾಲೆಯಿಂದ, ಹಡಗಿನಲ್ಲಿ ಅಂಟುರೋಗ ಇಲ್ಲ, ಮುಂದೆ ಹೋಗಬಹುದು ಅಂತ ಬರೆದುಕೊಟ್ಟರು. ಮುರಿದು ಬಿದ್ದಿದ್ದ ಹಡಗು ಮುಂದೆ ಎಲ್ಲಿಗೆ ಹೋಗಬೇಕಿತ್ತೋ! ಆದರೂ ಆ ಗುಮಾಸ್ತರ ಮೇಲೆ ನನಗೆ ಪ್ರೀತಿ. ದಾಟಿದ್ದಕ್ಕೆ ಡೈಲಿ ಮೇಲ್ ಪತ್ರಿಕೆ ಅವನಿಗೆ 1,000 ಪೌಂಡ್ ಬಹುಮಾನ ಕೊಟ್ಟಿತು. ಈಗ ದಂಡವೇ ಅದರ ಹತ್ತರಷ್ಟು.

ಬ್ರಿಟನ್ ಬಿಡಿ, ಪಾಸ್‌ಪೋರ್ಟ್ ತೋರಿಸದೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಹುದಾದ ಯುರೋಪಿನ ಷೆಂಗೆನ್ ಗುಂಪಿನೊಳಗೆ ಅದು ಯಾವತ್ತೂ ಇರಲಿಲ್ಲ. ಸ್ವಿಟ್ಜರ್ಲೆಂಡ್ ಷೆಂಗೆನ್ನಿನಲ್ಲಿದೆ, ಸರಕಿಗೆ ಒಳಗಡಿಯಲ್ಲಿ ಸುಂಕ ಕೇಳದ ಯುರೋಪಿನ ಸುಂಕದ ಒಕ್ಕೂಟದಲ್ಲಿಲ್ಲ. ಸೊಸೆ ಒಳಗೆ ಬರಲಿ, ಬುತ್ತಿ ಬಿಚ್ಚಿ ತೋರಿಸಲಿ. ಐರ್ಲೆಂಡ್ ತದ್ವಿರುದ್ಧ, ಬುತ್ತಿ ಬರಲಿ, ಸೊಸೆ ಬಾಗಿಲಲ್ಲಿ ನಿಂತು ಪಾಸ್‌ಪೋರ್ಟ್ ತೋರಿಸಲಿ. ಪೈಲಟ್ ಮೊದಲು ಕಲಿಯಬೇಕಾದದ್ದು ಗಾಳಿಯಲ್ಲ, ಬೀಗರ ಮನೆಯ ರೀತಿ ರಿವಾಜು.

ಯುರೋಪಿನಿಂದ ಚೀಸ್ ತರಬಾರದು ಅಂತ 2025ರ ಏಪ್ರಿಲ್‌ನಲ್ಲಿ ಬ್ರಿಟನ್ ತಂದ ನಿಷೇಧಕ್ಕೆ ಮಾತ್ರ ನಾನು ಬೈಯಲ್ಲ. ದನ ಕಟ್ಟಿದ ಮನೆಯವನು, ಕಾಲುಬಾಯಿ ಜ್ವರ ಏನು ಅಂತ ಗೊತ್ತು.

ವಾಪಸ್ ಇಳಿದಾಗ ನಮ್ಮನ್ನು ನೋಡಲು ಯಾರೂ ಇರಲಿಲ್ಲ. ಬೇಲಿಯಾಚೆ ಕುರಿಗಳಿದ್ದವು. ಅಷ್ಟೂ ಫಾರ್ಮ್ ಯಾರು ಓದಿದರೋ.

ಇದೇ ಚಾನೆಲ್ಲಿನಲ್ಲಿ 2021ರ ನವೆಂಬರ್ 24ರಂದು ಬ್ರಿಟನ್ನಿಗೆ ಹೊರಟ ವಲಸಿಗರ ರಬ್ಬರ್ ದೋಣಿ ಮಗುಚಿ ಕನಿಷ್ಠ 27 ಜನ ಸತ್ತರು. ಕತ್ತಲಲ್ಲಿ ಫ್ರಾನ್ಸಿನ ಸಹಾಯವಾಣಿಗೆ ಫೋನ್ ಮಾಡಿ ಗೋಗರೆದಿದ್ದರು. ನೀವಿರುವುದು ಇಂಗ್ಲೆಂಡಿನ ನೀರಿನಲ್ಲಿ ಅಂತ ಅಲ್ಲಿಂದ ಉತ್ತರ ಬಂತು. ಇದಕ್ಕೆ ಜೋಕು ಹೊಳೆಯುತ್ತಿಲ್ಲ. ಊಟಕ್ಕೆ ಹೋಗಿ ಬರುವವನ ಹುಟ್ಟಿದ ತಾರೀಕು ಎರಡು ಸಲ ಬರೆಸಿಕೊಳ್ಳುವ ಸರ್ಕಾರಗಳು ಇವು.

ಈಗ ಗೆಳೆಯ ಫೋನ್ ಮಾಡಿದ್ದ. ಮುಂದಿನ ಭಾನುವಾರಕ್ಕೆ ನನ್ನ ಪಾಸ್‌ಪೋರ್ಟ್ ನಂಬರು ಬೇಕಂತೆ. ಹೋದ ಸಲದ್ದು ಸೇವ್ ಆಗಿಲ್ಲ.